ಸಾಮಾಜಿಕ ಭದ್ರತಾ ವೇತನ ಮತ್ತು ಸಾಲ (ಕರ್ನಾಟಕ)

ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲರ ಮಾಸಾಶನ, ಗೃಹಲಕ್ಷ್ಮಿ ಮೊದಲಾದ ಸರ್ಕಾರಿ ನೆರವನ್ನೇ ಮುಖ್ಯ ಆದಾಯವಾಗಿ ಉಳ್ಳ ಕುಟುಂಬಗಳು ಸಾಲ ಪಡೆಯುವ ಮಾರ್ಗಗಳು, ಅವುಗಳಲ್ಲಿನ ಅಪಾಯಗಳು ಹಾಗೂ ಸಾಲಗಾರರಿಗಿರುವ ಕಾನೂನಿನ ರಕ್ಷಣೆ ಈ ಲೇಖನದ ವಿಷಯ. ಇಂತಹ ವೇತನವು ಮೊತ್ತದಲ್ಲಿ ಚಿಕ್ಕದಾದರೂ ತಿಂಗಳಿಗೊಮ್ಮೆ ಬರುವಂಥದ್ದು. ಸಾಲ ಕೊಡುವವರನ್ನು ಆಕರ್ಷಿಸುವುದೂ, ಸಾಲಗಾರರನ್ನು ಇಕ್ಕಟ್ಟಿಗೆ ಸಿಲುಕಿಸುವುದೂ ಈ ಒಂದೇ ಗುಣ.

ವೇತನಗಳ ಸ್ವರೂಪ

ಕರ್ನಾಟಕದಲ್ಲಿ 65 ವರ್ಷ ದಾಟಿದ ಬಡವರಿಗಾಗಿ ಸಂಧ್ಯಾ ಸುರಕ್ಷಾ ಯೋಜನೆಯು 2007ರಲ್ಲಿ ಆರಂಭವಾಯಿತು. 2021ರಲ್ಲಿ ಇದರ ಮಾಸಿಕ ಮೊತ್ತವನ್ನು ₹1,000ದಿಂದ ₹1,200ಕ್ಕೂ, ವಿಧವಾ ವೇತನವನ್ನು ₹600ರಿಂದ ₹800ಕ್ಕೂ ಏರಿಸಲಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ ₹2,000 ನೀಡುವ ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ದೊರೆಯಿತು. ವೇತನದ ಅರ್ಜಿಗಳನ್ನು ಹೋಬಳಿ ಮಟ್ಟದ ನಾಡಕಚೇರಿಯಲ್ಲಿ ಸಲ್ಲಿಸಲಾಗುತ್ತದೆ. ಹಣವು ಆಧಾರ್ ಜೋಡಣೆಯಾದ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಜೋಡಣೆ ತಪ್ಪಿದರೆ ವೇತನ ನಿಲ್ಲುವುದುಂಟು. ಗೃಹಲಕ್ಷ್ಮಿಯ ಕಂತುಗಳು ಕೆಲವು ತಿಂಗಳು ತಡವಾಗಿ ಬಂದ ನಿದರ್ಶನಗಳೂ ಇವೆ. ಸಾಲದ ಕಂತಿನ ದಿನಾಂಕವಾದರೋ ಇದಕ್ಕಾಗಿ ಕಾಯುವುದಿಲ್ಲ.

ಸಾಲದ ಅಗತ್ಯ ಮತ್ತು ಮೂಲಗಳು

ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನ ಅಮೃತಾಪುರವು 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ನಿರ್ಮಾಣವಾದ ಅಮೃತೇಶ್ವರ ದೇವಾಲಯಕ್ಕೆ ಹೆಸರಾದ ಊರು. ಸುತ್ತಲಿನದು ಅಡಿಕೆ, ತೆಂಗಿನ ತೋಟಗಳ ಸೀಮೆ. ಇಂತಹ ಪ್ರದೇಶದಲ್ಲಿ ಕೊಯ್ಲು ಮತ್ತು ಸುಲಿತದ ತಿಂಗಳುಗಳಲ್ಲಿ ಕೂಲಿ ಸಿಕ್ಕಷ್ಟು ಉಳಿದ ತಿಂಗಳುಗಳಲ್ಲಿ ಸಿಗುವುದಿಲ್ಲ. ಕೂಲಿ ಇಲ್ಲದ ಕಾಲದಲ್ಲಿ ಮನೆಯ ವೃದ್ಧರ ಅಥವಾ ವಿಧವೆಯರ ವೇತನವೇ ಅಂಗಡಿಯ ಉದ್ರಿಯನ್ನು ತೀರಿಸುತ್ತದೆ. ಆಸ್ಪತ್ರೆಯ ಖರ್ಚು, ಶಾಲೆಯ ಶುಲ್ಕ ಅಥವಾ ಮನೆಯ ಮಾಡಿನ ದುರಸ್ತಿ ಎದುರಾದಾಗ ಸಾಲ ಅನಿವಾರ್ಯವಾಗುತ್ತದೆ.

ಕಡಿಮೆ ವೆಚ್ಚದ ಸಾಲಗಳ ಬಾಗಿಲು ವಯಸ್ಸಿನೊಂದಿಗೆ ಮುಚ್ಚುತ್ತಾ ಹೋಗುವುದು ಈ ವಿಷಯದ ಮುಖ್ಯ ತೊಡಕು. ಜನಧನ ಖಾತೆಯಲ್ಲಿ ₹10,000ದವರೆಗೆ ಓವರ್‌ಡ್ರಾಫ್ಟ್ ಸೌಲಭ್ಯವಿದ್ದು, ಅದರಲ್ಲಿ ₹2,000ದವರೆಗಿನ ಮೊತ್ತಕ್ಕೆ ಷರತ್ತುಗಳಿಲ್ಲ. ಆದರೆ ಇದರ ವಯೋಮಿತಿ 18ರಿಂದ 65. ಸಂಧ್ಯಾ ಸುರಕ್ಷಾ ವೇತನ ಆರಂಭವಾಗುವ ವಯಸ್ಸಿಗೇ ಈ ಸೌಲಭ್ಯ ಮುಗಿಯುತ್ತದೆ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ವಿಧವೆಯರಿಗೆ ಮತ್ತು ಅಂಗವಿಕಲ ಮಹಿಳೆಯರಿಗೆ ಆದಾಯ ಮಿತಿಯಿಲ್ಲವಾದರೂ ಅಲ್ಲಿ 55 ವರ್ಷದ ಮಿತಿಯಿದೆ. ಮೇಲಾಗಿ ಅದು ಸ್ವಂತ ಉದ್ಯೋಗಕ್ಕೆ ಕೊಡುವ ಸಾಲವೇ ಹೊರತು ಆಸ್ಪತ್ರೆಯ ಖರ್ಚಿಗಲ್ಲ.

ಹೀಗಾಗಿ ಸ್ತ್ರೀಶಕ್ತಿ ಹಾಗೂ ಸಂಜೀವಿನಿ ಯೋಜನೆಗಳ ಸ್ವಸಹಾಯ ಸಂಘಗಳು ಹಲವರಿಗೆ ಮೊದಲ ಆಸರೆಯಾಗಿವೆ. ಸಂಘದ ಆಂತರಿಕ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದು ಅಥವಾ ಎರಡು ರೂಪಾಯಿ ಬಡ್ಡಿ ಹಾಕುವ ರೂಢಿ ವ್ಯಾಪಕವಾಗಿದೆ. ಇದು ಬ್ಯಾಂಕಿನ ದರಕ್ಕಿಂತ ಹೆಚ್ಚೆನಿಸಬಹುದು. ಆದರೆ ಬಡ್ಡಿಯು ಸದಸ್ಯೆಯರ ನಿಧಿಗೇ ಸೇರುತ್ತದೆ. ಒಡವೆಯಿದ್ದವರಿಗೆ ಬ್ಯಾಂಕು ಅಥವಾ ಸಹಕಾರ ಸಂಘದಲ್ಲಿನ ಚಿನ್ನದ ಅಡವು ಸಾಲ ಇನ್ನೊಂದು ದಾರಿ. ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನಗಳು ಸಾಲ ಪೂರ್ತಿ ತೀರಿದ ಮೇಲೆ ಒಡವೆಯನ್ನು ಅದೇ ದಿನ ಅಥವಾ ಹೆಚ್ಚೆಂದರೆ 7 ಕೆಲಸದ ದಿನಗಳೊಳಗೆ ಮರಳಿಸಬೇಕೆಂದೂ, ಸಂಸ್ಥೆಯ ತಪ್ಪಿನಿಂದ ವಿಳಂಬವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕೆಂದೂ ವಿಧಿಸಿವೆ.

ಬಡ್ಡಿಯ ಲೆಕ್ಕ

ಕೈಸಾಲದಲ್ಲಿ ಬಡ್ಡಿಯನ್ನು ವರ್ಷಕ್ಕೆ ಶೇಕಡಾ ಇಂತಿಷ್ಟು ಎನ್ನದೆ ತಿಂಗಳಿಗೆ ನೂರಕ್ಕೆ ಇಷ್ಟು ರೂಪಾಯಿ ಎಂದು ಹೇಳಲಾಗುತ್ತದೆ. ಕೇಳಲು ಚಿಕ್ಕದಾಗಿರುವ ಈ ಸಂಖ್ಯೆಯೇ ಮೋಸಗೊಳಿಸುವಂಥದ್ದು. ನೂರಕ್ಕೆ ಹತ್ತರಂತೆ ₹10,000 ಪಡೆದರೆ ತಿಂಗಳ ಬಡ್ಡಿ ₹1,000. ಸಂಧ್ಯಾ ಸುರಕ್ಷಾ ವೇತನದಲ್ಲಿ ಉಳಿಯುವುದು ₹200. ವರ್ಷದಲ್ಲಿ ₹12,000 ಕಟ್ಟಿದ ಮೇಲೂ ಅಸಲು ಹಾಗೆಯೇ ಇರುತ್ತದೆ. ಮೊದಲ ತಿಂಗಳ ಬಡ್ಡಿಯನ್ನು ಮುರಿದುಕೊಂಡು ₹9,000 ಮಾತ್ರ ಕೈಗಿಟ್ಟರೆ ನಿಜವಾದ ದರ ತಿಂಗಳಿಗೆ ಶೇ. 11ನ್ನು ಮೀರುತ್ತದೆ.

ಕರ್ನಾಟಕ ಲೇವಾದೇವಿದಾರರ ಅಧಿನಿಯಮ, 1961ರ ಅಡಿಯಲ್ಲಿ ನಿಗದಿಯಾದ ಗರಿಷ್ಠ ಬಡ್ಡಿ ಭದ್ರತೆಯುಳ್ಳ ಸಾಲಕ್ಕೆ ವಾರ್ಷಿಕ ಶೇ. 14, ಭದ್ರತೆಯಿಲ್ಲದ್ದಕ್ಕೆ ಶೇ. 16. ಅಂದರೆ ಅದೇ ₹10,000ಕ್ಕೆ ತಿಂಗಳಿಗೆ ಸುಮಾರು ₹133. ಲೇವಾದೇವಿಗೆ ಸಹಕಾರ ಇಲಾಖೆಯ ಪರವಾನಗಿ ಕಡ್ಡಾಯ. ವಿಪರೀತ ಬಡ್ಡಿ ವಸೂಲಿಯನ್ನು ಅಪರಾಧವೆಂದು ಸಾರುವ ಪ್ರತ್ಯೇಕ ಅಧಿನಿಯಮವೊಂದು 2004ರಿಂದ ಇದೆ.

ಸಮ ಬಡ್ಡಿ ಅಥವಾ ಫ್ಲಾಟ್ ದರ ಎಂಬುದು ಮತ್ತೊಂದು ಬಗೆ. ಇದರಲ್ಲಿ ಅಸಲು ಕರಗುತ್ತಾ ಹೋದರೂ ಬಡ್ಡಿಯನ್ನು ಮೂಲ ಮೊತ್ತದ ಮೇಲೆಯೇ ಎಣಿಸಲಾಗುತ್ತದೆ. ₹10,000ಕ್ಕೆ ಶೇ. 12 ಸಮ ಬಡ್ಡಿಯಂತೆ 12 ಕಂತುಗಳಲ್ಲಿ ₹11,200 ಕಟ್ಟಿದರೆ ನಿಜವಾದ ವಾರ್ಷಿಕ ದರ ಸುಮಾರು ಶೇ. 21. ಇದನ್ನು ತಪ್ಪಿಸಲೆಂದೇ ರಿಸರ್ವ್ ಬ್ಯಾಂಕು ತನ್ನ ವ್ಯಾಪ್ತಿಯ ಸಂಸ್ಥೆಗಳು ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ಮುಖ್ಯಾಂಶ ಪತ್ರದಲ್ಲಿ, ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ಕಡ್ಡಾಯಗೊಳಿಸಿದೆ. ವಿಮೆಯ ಕಂತು, ಸಂಸ್ಕರಣಾ ಶುಲ್ಕಗಳೂ ಇದರಲ್ಲಿ ಕಾಣಬೇಕು. ಸಹಿ ಅಥವಾ ಹೆಬ್ಬೆಟ್ಟು ಒತ್ತುವ ಮುನ್ನ ಕೇಳಿ ಪಡೆಯಬೇಕಾದ ಮೊದಲ ಕಾಗದ ಇದು.

ವೇತನದ ಖಾತೆ

ಸಾಲಕ್ಕೆ ಭದ್ರತೆಯಾಗಿ ಎ.ಟಿ.ಎಂ. ಕಾರ್ಡ್, ಪಾಸ್‌ಪುಸ್ತಕ ಅಥವಾ ಸಹಿ ಮಾಡಿದ ಖಾಲಿ ಕಾಗದವನ್ನು ಒಪ್ಪಿಸುವುದು ಅತ್ಯಂತ ಅಪಾಯಕರ. ಆ ಬಳಿಕ ವೇತನ ಜಮೆಯಾದ ದಿನವೇ ಹಣ ತೆಗೆಯುವುದು ಸಾಲ ಕೊಟ್ಟವರ ಇಚ್ಛೆಗೆ ಬಿಟ್ಟ ವಿಷಯವಾಗುತ್ತದೆ. ರಹಸ್ಯ ಸಂಖ್ಯೆಯನ್ನು ತಾವೇ ತಿಳಿಸಿದವರಿಗೆ ಬ್ಯಾಂಕಿನಿಂದ ಪರಿಹಾರ ಸಿಗುವುದೂ ಕಷ್ಟ. ಬೆರಳಚ್ಚಿನ ಮೂಲಕ ಬ್ಯಾಂಕ್ ಪ್ರತಿನಿಧಿಯ ಬಳಿ ಹಣ ಪಡೆಯುವವರು ಪ್ರತಿ ಬಾರಿ ರಸೀದಿ ಪಡೆದು ಉಳಿಕೆ ಮೊತ್ತವನ್ನು ಓದಿಸಿಕೊಳ್ಳುವುದು ಒಳಿತು.

ಸಾಲವೂ ವೇತನವೂ ಒಂದೇ ಬ್ಯಾಂಕಿನಲ್ಲಿದ್ದರೆ ಬಾಕಿಗೆ ವೇತನವನ್ನು ಹೊಂದಿಸಿಕೊಳ್ಳುವ ಸಂಭವ ಹೆಚ್ಚು. 2024ರಲ್ಲಿ ಬರ ಪರಿಹಾರದ ಹಣ ರೈತರ ಸಾಲದ ಖಾತೆಗೆ ಜಮೆಯಾದ ದೂರುಗಳು ಬಂದಾಗ, ಹಾಗೆ ಮಾಡಬಾರದೆಂದು ಹಲವು ಜಿಲ್ಲಾಡಳಿತಗಳು ಬ್ಯಾಂಕುಗಳಿಗೆ ಸೂಚಿಸಿದ್ದವು. ಕಿರುಸಾಲದ ಮಟ್ಟಿಗೆ ನಿಯಮ ಸ್ಪಷ್ಟವಾಗಿದೆ: ಸಾಲಗಾರರ ಠೇವಣಿ ಖಾತೆಯ ಮೇಲೆ ಹಿಡಿತ ಸ್ಥಾಪಿಸುವಂತಿಲ್ಲ.

ವೇತನವು ಪಡೆಯುವವರ ಮರಣದೊಂದಿಗೆ ನಿಲ್ಲುತ್ತದೆ. ತೀರಿಹೋದವರ ಸಾಲಕ್ಕೆ ವಾರಸುದಾರರು ತಮಗೆ ದಕ್ಕಿದ ಆಸ್ತಿಯ ಮಿತಿಯಲ್ಲಷ್ಟೇ ಹೊಣೆಗಾರರು. ಜಾಮೀನು ನಿಂತವರ ಹೊಣೆ ಮಾತ್ರ ಬೇರೆಯದು, ಅದು ಉಳಿಯುತ್ತದೆ.

ಕಿರುಸಾಲದ ನಿಯಮಗಳು

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿರ್ದೇಶನಗಳಂತೆ, ವಾರ್ಷಿಕ ₹3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡವಿಲ್ಲದೆ ನೀಡುವ ಸಾಲವೇ ಕಿರುಸಾಲ. ಕುಟುಂಬದ ಎಲ್ಲ ಸಾಲಗಳ ಮಾಸಿಕ ಕಂತುಗಳು ಸೇರಿ ಮಾಸಿಕ ಆದಾಯದ ಅರ್ಧವನ್ನು ಮೀರಬಾರದು. ಸಂಧ್ಯಾ ಸುರಕ್ಷಾ ಹಾಗೂ ಗೃಹಲಕ್ಷ್ಮಿ ಎರಡನ್ನೇ ನಂಬಿದ ಮನೆಯ ಆದಾಯ ₹3,200. ಕಂತುಗಳ ಮಿತಿ ₹1,600. ಇದು ಸಂಸ್ಥೆಗೆ ಹಾಕಿದ ಮೇರೆಯೇ ಹೊರತು ಮನೆಗೆ ಸುರಕ್ಷಿತವಾದ ಮೊತ್ತವಲ್ಲ. ಗೃಹಲಕ್ಷ್ಮಿಯ ಒಂದು ಕಂತು ತಡವಾದರೂ ಉಳಿಯುವ ₹1,200ರಲ್ಲಿ ಅಷ್ಟನ್ನು ಕಟ್ಟಲಾಗದು. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡವಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ನಿಂದನೆ, ಬೆದರಿಕೆ, ಬಂಧುಗಳಿಗೆ ಕಿರುಕುಳ ನಿಷಿದ್ಧ.

2025ರ ಅಧಿನಿಯಮ

ನಿಯಮಗಳಿದ್ದರೂ 2025ರ ಜನವರಿಯ ವೇಳೆಗೆ ವಸೂಲಿಯ ಕಿರುಕುಳ ರಾಜ್ಯದ ಹಲವೆಡೆ ಸುದ್ದಿಯಾಯಿತು. ಚಾಮರಾಜನಗರ ಜಿಲ್ಲೆಯ ಕೆಲವು ಗ್ರಾಮಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು; ಹಾವೇರಿ ಜಿಲ್ಲೆಯಲ್ಲಿ ಮಹಿಳೆಯರು ತಮ್ಮ ಮಾಂಗಲ್ಯವನ್ನು ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳುಹಿಸಿ ಪ್ರತಿಭಟಿಸಿದರು. ಫೆಬ್ರವರಿ 12ರಂದು ಸುಗ್ರೀವಾಜ್ಞೆ ಜಾರಿಗೆ ಬಂದಿತು. ನಂತರ ಅದು ಕರ್ನಾಟಕ ಕಿರು ಸಾಲ ಮತ್ತು ಸಣ್ಣ ಸಾಲ (ಬಲವಂತದ ಕ್ರಮಗಳ ಪ್ರತಿಬಂಧಕ) ಅಧಿನಿಯಮವಾಯಿತು. ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ, ₹5 ಲಕ್ಷದವರೆಗೆ ದಂಡ ವಿಧಿಸಬಹುದು. ಪೊಲೀಸರು ದೂರು ದಾಖಲಿಸಲು ನಿರಾಕರಿಸುವಂತಿಲ್ಲ. ನೋಂದಣಿಯಿಲ್ಲದ ಸಂಸ್ಥೆ ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿಸಮೇತ ತೀರಿದಂತೆಯೇ ಸರಿ. ನೋಂದಾಯಿತ ಸಂಸ್ಥೆಗಳ ಸಾಲಕ್ಕೆ ಇದು ಅನ್ವಯಿಸದು. ಕಾಯಿದೆ ಬಂದಿದೆ, ಇನ್ನು ಯಾವ ಸಾಲವನ್ನೂ ಕಟ್ಟಬೇಕಿಲ್ಲ ಎಂಬ ಮಾತು ತಪ್ಪು. ಹಾಗೆಂದು ಕಂತು ನಿಲ್ಲಿಸಿದವರಿಗೆ ಮುಂದೆ ಬ್ಯಾಂಕಿನ ಸಾಲವೂ ದುರ್ಲಭವಾಗುತ್ತದೆ.

ಇತರ ದೇಶಗಳಲ್ಲಿ

ದಕ್ಷಿಣ ಆಫ್ರಿಕಾದಲ್ಲಿ ಸಾಮಾಜಿಕ ನೆರವನ್ನು ಅಡವಿಡುವುದಕ್ಕೆ 2004ರ ಕಾನೂನು ಅವಕಾಶ ಕೊಡದಿದ್ದರೂ, ಪರವಾನಗಿಯಿಲ್ಲದ ಲೇವಾದೇವಿದಾರರು ಫಲಾನುಭವಿಗಳ ಕಾರ್ಡುಗಳನ್ನು ಇರಿಸಿಕೊಳ್ಳುವ ಪದ್ಧತಿ ಬೆಳೆಯಿತು. ಬ್ರೆಜಿಲ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದು, 2022ರಲ್ಲಿ ನೆರವಿನ ಮೊತ್ತದ ಶೇ. 40ರವರೆಗೆ ಸಾಲದ ಕಂತಿಗೆ ನೇರವಾಗಿ ಕಡಿತ ಮಾಡಲು ಅನುಮತಿಸಿತು. ಟೀಕೆಗಳ ನಂತರ 2023ರಲ್ಲಿ ಆ ವ್ಯವಸ್ಥೆ ನಿಂತಿತು.

ದೂರು

ಬ್ಯಾಂಕು ಅಥವಾ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಹಣಕಾಸು ಸಂಸ್ಥೆಯ ವಿರುದ್ಧದ ದೂರನ್ನು ಮೊದಲು ಆ ಸಂಸ್ಥೆಗೇ ಲಿಖಿತವಾಗಿ ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು, ಸಹಾಯವಾಣಿ 14448. ಪರವಾನಗಿಯಿಲ್ಲದ ಬಡ್ಡಿ ವ್ಯವಹಾರದ ದೂರು ಪೊಲೀಸ್ ಠಾಣೆಗೂ ಸಹಕಾರ ಸಂಘಗಳ ನಿಬಂಧಕರ ಕಚೇರಿಗೂ ಸಲ್ಲುತ್ತದೆ. ಮೊಬೈಲ್ ಆ್ಯಪ್ ಸಾಲದ ವಂಚನೆಗೆ ಸೈಬರ್ ಸಹಾಯವಾಣಿ 1930. ಕಟ್ಟಿದ ಪ್ರತಿ ಕಂತಿನ ರಸೀದಿ, ಸಾಲದ ಕಾರ್ಡು, ಪಾಸ್‌ಪುಸ್ತಕದ ನಮೂದುಗಳೇ ಇಲ್ಲಿ ಸಾಕ್ಷ್ಯ. ಕೈಸಾಲದಲ್ಲಿ ರಸೀದಿ ಕೊಡದಿದ್ದಾಗ ಬ್ಯಾಂಕ್ ಖಾತೆಯ ಮೂಲಕವೇ ಹಣ ಪಾವತಿಸಿದರೆ ದಾಖಲೆ ತಾನಾಗಿ ಉಳಿಯುತ್ತದೆ.