ನಿಲುವುಗನ್ನಡಿಗೊಂದು ಮೂಲೆ

ಡ್ರೆಸ್ಸಿಂಗ್ ಟೇಬಲ್ ಅನ್ನೋದಕ್ಕೆ ಕನ್ನಡದಲ್ಲಿ ಮನೆಮಾತಿನ ಪದ ಇಲ್ಲ, ಗಮನಿಸಿದ್ದೀರಾ? ಕೈಗನ್ನಡಿ ಇದೆ, ನಿಲುವುಗನ್ನಡಿ ಇದೆ, ಬಾಚಣಿಗೆ ಇದೆ, ಹೇನು ತೆಗೆಯೋ ಸೀರಣಿಗೆಗೂ ಒಂದು ಹೆಸರಿದೆ. ಕೂತು ಸಿಂಗಾರ ಮಾಡಿಕೊಳ್ಳುವ ಮೇಜಿಗೆ ಮಾತ್ರ ಇಂಗ್ಲಿಷೇ ಗತಿ. ನನಗೆ ಹೊಳೆಯುವ ಕಾರಣ ಇಷ್ಟೇ: ನಮ್ಮ ಮನೆಗಳಲ್ಲಿ ಸಿಂಗಾರದ ಸಾಮಾನು ಇತ್ತು, ಸಿಂಗಾರಕ್ಕೆ ಅಂತ ಒಂದು ಜಾಗ ಇರಲಿಲ್ಲ.

ಲಕ್ಷ್ಮೀಪುರಂನ ನಮ್ಮ ಬಾಡಿಗೆ ಮನೆಯಲ್ಲಿ ಕಿಟಕಿ ಪಕ್ಕ ಮೂರಡಿ ಗೋಡೆ ಖಾಲಿ ಇದೆ. ಅಲ್ಲೊಂದು ಕನ್ನಡಿ, ಒಂದು ಮೇಜು, ಒಂದು ಸ್ಟೂಲ್ ಇಡೋಣ ಅಂತ ಹೊರಟಾಗ ಈ ಚರಿತ್ರೆಯ ಬೆನ್ನು ಹತ್ತಿದೆ.

ಸಿಂಗಾರವೇನೂ ನಮಗೆ ಹೊಸದಲ್ಲ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ದೇವಸ್ಥಾನದಲ್ಲಿ ದರ್ಪಣ ಸುಂದರಿ ಇವತ್ತಿಗೂ ಕನ್ನಡಿ ಹಿಡಿದು ನಿಂತಿದ್ದಾಳೆ. ಅದೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ಲೇಪನ, ಹೂವು, ಒಡವೆ ಎಲ್ಲವನ್ನೂ ರಾಜಭೋಗಗಳೆಂದು ವಿವರವಾಗಿ ಬರೆದ. ಆದರೆ ಸುಂದರಿಯನ್ನು ಸರಿಯಾಗಿ ನೋಡಿ. ಅವಳು ನಿಂತಿದ್ದಾಳೆ, ಕನ್ನಡಿ ಕೈಯಲ್ಲಿದೆ. ಮೇಜೂ ಇಲ್ಲ, ಪೀಠವೂ ಇಲ್ಲ. ಆ ಕಾಲದ ಕನ್ನಡಿ ಅಂದರೆ ಉಜ್ಜಿ ಹೊಳಪು ಕೊಟ್ಟ ಲೋಹದ ಬಿಲ್ಲೆ. ಕೇರಳದ ಆರನ್ಮುಳದಲ್ಲಿ ಈಗಲೂ ಅಂಥ ಲೋಹದ ಕನ್ನಡಿ ಎರಕ ಹೊಯ್ಯುತ್ತಾರೆ.

ಕನ್ನಡಿಯ ಮುಂದೆ ಕೂರಿಸುವ ಮೇಜು ಯುರೋಪಿನದು. ಲಂಡನ್ನಿನ ಬಡಗಿ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ಅಚ್ಚು ಹಾಕಿಸಿದ ವಿನ್ಯಾಸಗಳ ಪುಸ್ತಕದಲ್ಲಿ ಅಂಥ ಮೇಜುಗಳಿವೆ. ಆದರೆ ಆಗಿನ ಗಾಜಿನ ಕನ್ನಡಿಗೆ ಬೆನ್ನಿಗೆ ಬಳಿಯುತ್ತಿದ್ದದ್ದು ತವರ, ಪಾದರಸ. ಬೆಲೆ ಸಿರಿವಂತರಿಗಷ್ಟೇ ಎಟುಕುವಂಥದ್ದು. 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಗಾಜಿನ ಮೇಲೆ ಬೆಳ್ಳಿಯ ತೆಳು ಪದರ ಕೂರಿಸುವ ವಿಧಾನ ತೋರಿಸಿದ ಮೇಲೆ ಕನ್ನಡಿ ನಿಧಾನವಾಗಿ ಸಾಮಾನ್ಯರ ಮನೆಗೂ ಬಂತು.

ನಮ್ಮ ಸಾಮಾನ್ಯರ ಮನೆಯಲ್ಲಿ ಅದು ಬಂದು ಕೂತದ್ದು ಒಂದು ಪೆಟ್ಟಿಗೆಯ ಮುಚ್ಚಳದೊಳಗೆ. ಮುಚ್ಚಳ ಎತ್ತಿದರೆ ಕನ್ನಡಿ, ಕೆಳಗೆ ಕುಂಕುಮದ ಭರಣಿ, ಕುಂಕುಮ ನಿಲ್ಲೋಕೆ ಹಣೆಗೆ ಹಚ್ಚುವ ಮೇಣ, ಕಾಡಿಗೆ, ಬಾಚಣಿಗೆ. ನಮ್ಮಜ್ಜಿ ಅದನ್ನು ಬಾಗಿಲ ಬೆಳಕಿಗೆ ತಂದು ನೆಲದ ಮೇಲೆ ಕೂತು ತಲೆ ಬಾಚಿಕೊಳ್ಳೋರು. ಐದೇ ನಿಮಿಷ, ಆಮೇಲೆ ಪೆಟ್ಟಿಗೆ ಮತ್ತೆ ಗೂಡಿಗೆ. ತುಂಬಿದ ಮನೆಯಲ್ಲಿ ಒಬ್ಬ ಹೆಂಗಸಿಗೆ ‘ಇದು ನನ್ನದು’ ಅನ್ನೋಕೆ ಇದ್ದದ್ದು ಅಷ್ಟೇ ಜಾಗ. ಗೌರಿ ಹಬ್ಬದ ಬಾಗಿನದಲ್ಲಿ ಅರಿಶಿನ, ಕುಂಕುಮ, ಬಳೆಗಳ ಜೊತೆ ಪುಟ್ಟ ಕನ್ನಡಿ, ಬಾಚಣಿಗೆ ಇಡ್ತೀವಲ್ಲ, ಅದು ಆ ಪೆಟ್ಟಿಗೆಯದೇ ಕಿರುರೂಪ.

ಆದರೆ ಆ ಬಾಗಿನ ಮುತ್ತೈದೆಗೆ ಮಾತ್ರ. ಈ ಚರಿತ್ರೆಯ ಕಹಿ ಭಾಗ ಇದು. ಗಂಡ ಸತ್ತರೆ ಪೆಟ್ಟಿಗೆ ಮುಚ್ಚಿದ ಹಾಗೇ. ಬ್ರಾಹ್ಮಣರ ಮನೆಗಳಲ್ಲಿ ತಲೆಗೂದಲನ್ನೂ ತೆಗೆಸುತ್ತಿದ್ದರು. ಬಾಚಣಿಗೆಗೇ ಕೆಲಸವಿಲ್ಲ, ಇನ್ನು ಕನ್ನಡಿಗೇನು? ಮೈಸೂರು ಸಂಸ್ಥಾನ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಕಾನೂನು ತಂದು ತಡೆದದ್ದು 1894ರಲ್ಲಿ. ಅಂದರೆ ಅದಕ್ಕೂ ಮುಂಚೆ ಎಷ್ಟು ಚಿಕ್ಕವರು ಕನ್ನಡಿ ಕಳೆದುಕೊಂಡಿರಬಹುದು, ಯೋಚಿಸಿ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಇದೆಲ್ಲ ಮುಗಿದುಹೋದ ಕಥೆಯೂ ಅಲ್ಲ. ಎರಡು ವರ್ಷದ ಹಿಂದೆ ಅಪ್ಪ ಹೋದರು. ಅಮ್ಮನಿಗೆ ಯಾರೂ ಏನೂ ನಿಷೇಧ ಹಾಕಲಿಲ್ಲ. ಆದರೂ ಅವರು ಬಚ್ಚಲಿನ ಕನ್ನಡಿಯ ಮುಂದೆ ಅರೆ ನಿಮಿಷ ನಿಂತು ತಲೆ ಬಾಚಿ ಬಂದುಬಿಡುತ್ತಾರೆ. “ನಂಗ್ಯಾಕೆ ಬಿಡೇ ಕನ್ನಡಿ” ಅಂತಾರೆ. ಆ ಮೂರಡಿ ಗೋಡೆ ಇರೋದು ಅಮ್ಮ ಬಂದಾಗ ಮಲಗುವ ಕೋಣೆಯಲ್ಲಿ.

ಮೈಸೂರಿನ ಮನೆಗಳಿಗೆ ಕಿಟಕಿ ಬಂದದ್ದಕ್ಕೂ ಒಂದು ಸಾವಿನ ಕಥೆ ಇದೆ. 1890ರ ದಶಕದ ಕೊನೆಯಲ್ಲಿ ಪ್ಲೇಗ್ ಬಡಿದು, ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತರು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಅಗಲ ರಸ್ತೆ, ಗಾಳಿ, ಬೆಳಕು ಅನ್ನೋದು ಹೊಸ ಬಡಾವಣೆಗಳ ಮಂತ್ರವಾಯಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೊರಟ ವಿದ್ಯುತ್ 1905ರಲ್ಲಿ ಬೆಂಗಳೂರಿಗೆ, ಆಮೇಲೆ ಮೈಸೂರಿಗೂ ಬಂತು. ಕನ್ನಡಿ ಬಾಗಿಲ ಬೆಳಕನ್ನು ಬಿಟ್ಟು ಕೋಣೆಯ ಒಳಗೆ ಹೋಗಬಹುದಾಯಿತು.

ಸಾಮಾನೂ ಬೆಳೆಯಿತು. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಮರ ಹೋಗೋದು ನಿಂತಾಗ ಸಂಸ್ಥಾನವೇ ಎಣ್ಣೆ ತೆಗೆಯಲು ಶುರುಮಾಡಿತು. ಅದರಿಂದ ಮೈಸೂರು ಸ್ಯಾಂಡಲ್ ಸೋಪು ಬಂತು. 1952ರಲ್ಲಿ ಟಾಟಾದವರ ಲ್ಯಾಕ್ಮೆ ಬಂತು. ಆ ಹೆಸರು ಒಂದು ಫ್ರೆಂಚ್ ಒಪೆರಾದ ನಾಯಕಿಯದು, ಮೂಲದಲ್ಲಿ ನಮ್ಮ ಲಕ್ಷ್ಮಿಯೇ! ಲಕ್ಷ್ಮೀಪುರಂನಲ್ಲಿ ಕೂತು ಇದನ್ನು ಓದಿ ನಕ್ಕೆ. ಇಷ್ಟಾದರೂ ನಮ್ಮ ಅಮ್ಮಂದಿರ ತಲೆಮಾರಿನ ಡ್ರೆಸ್ಸಿಂಗ್ ಟೇಬಲ್ ಅಂದರೆ ಬೀರುವಿನ ಬಾಗಿಲೇ. ಗೋದ್ರೆಜ್ 1923ರಲ್ಲಿ ಶುರುಮಾಡಿದ ಉಕ್ಕಿನ ಬೀರು ಮದುವೆಯ ಉಡುಗೊರೆಯಾಗಿ ಮನೆಮನೆ ಸೇರಿತು. ಅದರ ಕನ್ನಡಿಯ ಮುಂದೆ ಎಲ್ಲರೂ ಅವಸರದಲ್ಲಿ, ನಿಂತೇ.

ಹಾಗಾಗಿ ನನ್ನ ಮೂಲೆಯ ಮೊದಲ ನಿಯಮ: ಕೂರಬೇಕು. ಸ್ಟೂಲ್ ಹದಿನೆಂಟು ಇಂಚು, ಅಮ್ಮನ ಮಂಡಿನೋವಿಗೆ ಅದಕ್ಕಿಂತ ತಗ್ಗು ಬೇಡ. ಮೇಜು ಮೂವತ್ತು ಇಂಚು. ಕನ್ನಡಿಯ ಮಧ್ಯಭಾಗ ಕೂತವರ ಕಣ್ಣಿನ ಮಟ್ಟಕ್ಕೆ. ಕಿಟಕಿ ಬೆನ್ನಿಗೆ ಬಂದರೆ ಮುಖ ಕಪ್ಪಾಗಿ ಕಾಣುತ್ತೆ, ಅದಕ್ಕೇ ಪಕ್ಕದಲ್ಲೇ ಇರಲಿ. ದೀಪ ಮೇಲಿಂದ ಒಂದೇ ಇದ್ದರೆ ಕಣ್ಣಿನ ಕೆಳಗೆ ನೆರಳು ಬೀಳುತ್ತೆ. ಮುಖದ ಎರಡೂ ಬದಿಗೆ ಒಂದೊಂದಿದ್ದರೆ ವಾಸಿ. ಡ್ರಾ ಎರಡು: ಒಂದು ನನಗೆ. ಇನ್ನೊಂದರಲ್ಲಿ ಅಮ್ಮನ ಬಾಚಣಿಗೆ, ಪೌಡರ್, ಅವರು ಇಟ್ಟುಕೊಳ್ಳುವುದಾದರೆ ಒಂದು ಕುಂಕುಮದ ಭರಣಿ. ಹೇಳಿ ಬಲವಂತ ಮಾಡೋದಿಲ್ಲ. ಜಾಗ ಅಂತೂ ಇರುತ್ತೆ.