ಎದುರುಬದುರು ಅಂಕಣಗಳು: ಇಂಗ್ಲಿಷಿನಲ್ಲಿ ಅರ್ಥಸಂಬಂಧಗಳ ವಿಚಾರ ಬೆಳೆದ ಬಗೆ

ವಿರುದ್ಧಪದಕ್ಕೆ ಇಂಗ್ಲಿಷಿನಲ್ಲಿರುವ ‘ಆಂಟೊನಿಮ್’ ಎಂಬ ಹೆಸರನ್ನು ಸಿ. ಜೆ. ಸ್ಮಿತ್ ಬಳಕೆಗೆ ತಂದದ್ದು 1867ರಲ್ಲಿ. ಒಂದು ಪದದ ಅರ್ಥ ಇನ್ನೊಂದರೊಳಗೆ ಅಡಕವಾಗಿರುವ ಸಂಬಂಧಕ್ಕೆ ‘ಹೈಪೊನಿಮಿ’ ಎಂಬ ಹೆಸರು ನೆಲೆಯೂರಿದ್ದು 1960ರ ದಶಕದಲ್ಲಿ, ಭಾಷಾವಿಜ್ಞಾನಿ ಜಾನ್ ಲಯನ್ಸ್ ಅವರ ಬರಹಗಳಿಂದ. ಹೆಸರುಗಳು ತಡವಾಗಿ ಬಂದವು. ಸಂಬಂಧಗಳು ಕೋಶಕಾರರ ಪುಟಗಳಲ್ಲಿ ಮೊದಲೇ ಕಾಣಿಸಿಕೊಂಡಿದ್ದವು.

1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಇಂಗ್ಲಿಷಿಗೆ ಫ್ರೆಂಚ್ ಪದಗಳು, ಮುಂದೆ ಲ್ಯಾಟಿನ್ ಪದಗಳು ಹರಿದುಬಂದವು. ‘ಕಿಂಗ್ಲಿ’, ‘ರಾಯಲ್’, ‘ರೀಗಲ್’ ಹೀಗೆ ಒಟ್ಟಿಗೆ ಉಳಿದವು. ಯಾವುದನ್ನು ಎಲ್ಲಿ ಬಳಸಬೇಕೆಂಬುದೇ ಮೊದಲ ಕೋಶಕಾರರ ಚಿಂತೆ. ಹೆಸ್ಟರ್ ಪಿಯೋಜ್ಜಿ 1794ರಲ್ಲಿ ಮಾತುಕತೆಯ ಔಚಿತ್ಯಕ್ಕಾಗಿ ಸಮಾನಾರ್ಥಕಗಳನ್ನು ವಿಂಗಡಿಸಿದಳು. 1816ರಲ್ಲಿ ಜಾರ್ಜ್ ಕ್ರ್ಯಾಬ್ ಅದೇ ಕೆಲಸವನ್ನು ಇನ್ನಷ್ಟು ವಿಸ್ತಾರವಾಗಿ, ಇನ್ನಷ್ಟು ಶುಷ್ಕವಾಗಿ ಮಾಡಿದ.

ಪೀಟರ್ ಮಾರ್ಕ್ ರೋಜೆ ವೃತ್ತಿಯಿಂದ ವೈದ್ಯ. 1805ರಲ್ಲಿ ಸ್ವಂತ ಉಪಯೋಗಕ್ಕೆ ಬರೆದುಕೊಂಡ ಪದಪಟ್ಟಿಯನ್ನು ಬೆಳೆಸಿ, 1852ರಲ್ಲಿ, ಎಪ್ಪತ್ತು ದಾಟಿದ ಮೇಲೆ, ‘ಥೆಸಾರಸ್’ ಎಂದು ಪ್ರಕಟಿಸಿದ. ಜೀವಶಾಸ್ತ್ರದ ವರ್ಗೀಕರಣವೇ ತನಗೆ ಮಾದರಿ ಎಂದು ಪೀಠಿಕೆಯಲ್ಲಿ ಹೇಳಿಕೊಂಡಿದ್ದಾನೆ. ಆರು ವರ್ಗ, ಸಾವಿರ ಶೀರ್ಷಿಕೆ. ಪರಸ್ಪರ ವಿರುದ್ಧವಾದ ಭಾವಗಳು ಒಂದೇ ಪುಟದ ಎರಡು ಅಂಕಣಗಳಲ್ಲಿ ಎದುರುಬದುರು. ಆದರೆ ವಿರೋಧವೆಲ್ಲ ಒಂದೇ ಬಗೆಯದಲ್ಲ ಎಂಬುದು ಅವನ ಗಮನಕ್ಕೆ ಬಂದಿತ್ತು. ‘ಗಿವಿಂಗ್’ ಎಂಬುದಕ್ಕೆ ‘ರಿಸೀವಿಂಗ್’ ಕೂಡ ಎದುರು, ‘ಟೇಕಿಂಗ್’ ಕೂಡ ಎದುರು: ಮೊದಲನೆಯದು ವ್ಯಕ್ತಿಗಳ ಲೆಕ್ಕದಲ್ಲಿ, ಎರಡನೆಯದು ವಸ್ತು ಕೈಬದಲಾಗುವ ರೀತಿಯ ಲೆಕ್ಕದಲ್ಲಿ. ‘ಓಲ್ಡ್’ ಪದಕ್ಕೂ ‘ನ್ಯೂ’, ‘ಯಂಗ್’ ಎಂಬ ಇಬ್ಬರು ಎದುರಾಳಿಗಳು. 1968ರಲ್ಲಿ ಲಯನ್ಸ್ ತರತಮವುಳ್ಳ ವಿರೋಧ, ನಡುವೆ ಏನೂ ಇರದ ವಿರೋಧ, ಕೊಳ್ಳು–ಮಾರುಗಳಂಥ ವಿಲೋಮ ಎಂದು ವಿಂಗಡಿಸಿದಾಗ, ರೋಜೆ ಬಿಡಿ ಉದಾಹರಣೆಗಳಲ್ಲಿ ಕಂಡದ್ದಕ್ಕೆ ವ್ಯವಸ್ಥೆ ದೊರೆಯಿತು.

ಪದಗಳನ್ನು ಅರ್ಥಕ್ಕೆ ತಕ್ಕಂತೆ ವಿಂಗಡಿಸಿದ ಕೃತಿಗಳಲ್ಲಿ ಸಂಸ್ಕೃತದ ಅಮರಕೋಶವೇ ಅತಿ ಹಳೆಯದು ಎಂದು ರೋಜೆ ಒಪ್ಪುತ್ತಾನೆ. ಕೋಲ್‌ಬ್ರೂಕ್ ಮಾಡಿದ ಇಂಗ್ಲಿಷ್ ಅನುವಾದ 1808ರಲ್ಲಿ ಸೆರಾಂಪುರದಲ್ಲಿ ಅಚ್ಚಾಗಿತ್ತು. ಆದರೆ ಅದರ ವರ್ಗೀಕರಣ, ಮುಖ್ಯವಾಗಿ ಅಮೂರ್ತ ಭಾವಗಳದ್ದು, ಗೊಂದಲಮಯ ಎಂಬುದು ಅವನ ತೀರ್ಪು. ಈ ಮಾತು ಅರ್ಧ ಮಾತ್ರ ನ್ಯಾಯ. ಬಾಯಿಪಾಠಕ್ಕೆಂದು ಶ್ಲೋಕಗಳಲ್ಲಿ ಕಟ್ಟಿದ ಕೋಶವನ್ನು ಜೀವಶಾಸ್ತ್ರದ ಅಳತೆಗೋಲಿನಿಂದ ಅಳೆದರೆ ಹಾಗೆಯೇ ಕಾಣುತ್ತದೆ. ಅಲ್ಲದೆ ಅನೇಕಾರ್ಥಗಳಿಗೆಂದೇ ಅದರ ಕರ್ತೃ ಅಮರಸಿಂಹ ನಾನಾರ್ಥವರ್ಗವನ್ನು ಇಟ್ಟಿದ್ದಾನೆ. ಕನ್ನಡದ ನಾಗವರ್ಮನೂ ‘ಅಭಿಧಾನ ವಸ್ತುಕೋಶ’ದಲ್ಲಿ ಅದಕ್ಕೊಂದು ಕಾಂಡ ಮೀಸಲಿಟ್ಟ. ರೋಜೆಯಲ್ಲಿ ಅದಕ್ಕೆ ಪ್ರತ್ಯೇಕ ಜಾಗವೇ ಇಲ್ಲ. ಒಂದು ಪದಕ್ಕೆ ಹಲವು ಅರ್ಥಗಳಿವೆ ಎಂಬುದು ಅವನ ಪುಸ್ತಕದಲ್ಲಿ ತಿಳಿಯುವುದು ಕೊನೆಯ ಪದಸೂಚಿಯಿಂದ.

1985ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಮತ್ತು ಸಂಗಡಿಗರು ‘ವರ್ಡ್‌ನೆಟ್’ ಎಂಬ ಗಣಕ ಪದಕೋಶವನ್ನು ಆರಂಭಿಸಿದಾಗ ಅಂಕಣಗಳ ಬದಲು ಜಾಲ ಬಂತು. ಸಮಾನಾರ್ಥಕಗಳ ಗುಂಪೇ ಅಲ್ಲಿ ಒಂದು ಗಂಟು. ನಾಮಪದಗಳನ್ನು ಮುಖ್ಯವಾಗಿ ಹೆಣೆಯುವುದು ಹೈಪೊನಿಮಿ. ವಿಶೇಷಣಗಳ ವಿಷಯದಲ್ಲಿ ತೊಡಕು ಎದುರಾಯಿತು. ‘ಬಿಗ್’, ‘ಲಾರ್ಜ್’ ಎರಡರ ಅರ್ಥವೂ ಹತ್ತಿರ ಹತ್ತಿರ. ಆದರೂ ಇಂಗ್ಲಿಷ್ ಭಾಷಿಕರ ಬಾಯಲ್ಲಿ ‘ಬಿಗ್’ಗೆ ಜೋಡಿ ‘ಲಿಟಲ್’, ‘ಲಾರ್ಜ್’ಗೆ ಜೋಡಿ ‘ಸ್ಮಾಲ್’. ಹಾಗಾಗಿ ವಿರೋಧವನ್ನು ಗುಂಪುಗಳ ನಡುವೆ ಅಲ್ಲ, ಬಿಡಿ ಪದಗಳ ನಡುವೆ ಗುರುತಿಸಬೇಕಾಯಿತು. ರೋಜೆ ಎದುರುಬದುರು ಇಟ್ಟದ್ದು ಭಾವಗಳನ್ನು. ಭಾಷಿಕರ ರೂಢಿ ಜೋಡಿಸಿದ್ದು ಪದಗಳನ್ನು.