ಟೇಕ್ವಾಂಡೊ: ಎರಡು ಸಾವಿರ ವರ್ಷವೋ, ಎಪ್ಪತ್ತು ವರ್ಷವೋ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತಾ, "ಸರ್, ಮಗಳನ್ನು ಟೇಕ್ವಾಂಡೊ ತರಗತಿಗೆ ಸೇರಿಸಬೇಕೆಂದಿದ್ದೇನೆ. ಅದು ಎರಡು ಸಾವಿರ ವರ್ಷದ ಕಲೆಯೆಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದಾರೆ. ನಿಜವೇ?" ಎಂದು ಕೇಳಿದ. ಇತಿಹಾಸ ಪಾಠ ಮಾಡಿದ ಮೇಷ್ಟರನ್ನು ಶಿಷ್ಯರು ನಿವೃತ್ತಿಯಾದ ಮೇಲೂ ಬಿಡುವುದಿಲ್ಲ. ಅದು ನನ್ನ ಭಾಗ್ಯವೆಂದೇ ತಿಳಿದಿದ್ದೇನೆ. ಅಂದು ಕೊಟ್ಟ ಉತ್ತರ ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಎಲ್ಲರಿಗೂ ತಿಳಿಯಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಟೇಕ್ವಾಂಡೊ ಕೊರಿಯಾ ದೇಶದ ಸಮರಕಲೆ. 'ಟೇ' ಎಂದರೆ ಕಾಲಿನ ಹೊಡೆತ, 'ಕ್ವಾನ್' ಎಂದರೆ ಮುಷ್ಟಿ, 'ಡೊ' ಎಂದರೆ ಮಾರ್ಗ. ಇದು ಅತಿ ಪ್ರಾಚೀನವೆನ್ನುವವರು ಕೊಗುರ್ಯೊ ರಾಜ್ಯದ ಕಾಲದ ಸಮಾಧಿಗಳ ಗೋಡೆಚಿತ್ರಗಳನ್ನು ಆಧಾರವಾಗಿ ತೋರಿಸುತ್ತಾರೆ. ಆ ಚಿತ್ರಗಳಲ್ಲಿ ಇಬ್ಬರು ಕಾಳಗದ ಭಂಗಿಯಲ್ಲಿ ಎದುರುಬದುರಾಗಿ ನಿಂತಿರುವುದು ನಿಜ. ಆದರೆ ಅವರು ಅದನ್ನು ಯಾರಿಂದ ಕಲಿತರು, ಯಾರಿಗೆ ಕಲಿಸಿದರು ಎಂಬುದನ್ನು ಗೋಡೆ ಹೇಳುವುದಿಲ್ಲ. ಒಂದು ಕಲೆಯ ವಯಸ್ಸನ್ನು ನಿರ್ಧರಿಸುವುದು ಗುರುವಿನಿಂದ ಶಿಷ್ಯನಿಗೆ ಸಾಗಿಬಂದ ಕೊಂಡಿ. ಆ ಕೊಂಡಿ ಇಲ್ಲಿ ಸಿಗುವುದಿಲ್ಲ.

ಸಿಗುವ ಕೊಂಡಿ ಬೇರೊಂದು. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಕಾಲಿನಿಂದ ಒದ್ದು, ತೊಡರಿಸಿ ಕೆಡಹುವ 'ಟೆಕ್ಯೋನ್' ಎಂಬ ಅಲ್ಲಿನ ಜಾನಪದ ಕ್ರೀಡೆ ಆ ಕಾಲದಲ್ಲಿ ಅಳಿವಿನ ಅಂಚಿಗೆ ಬಂತು. ಸೊಂಗ್ ದೊಕ್-ಗಿ (1893–1987) ಎಂಬ ಹಿರಿಯರು ಅದನ್ನು ಉಳಿಸಿಕೊಟ್ಟರು. 2011ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವಸಾಹತು ಕಾಲದಲ್ಲಿ ಓದಲೆಂದು ಜಪಾನಿಗೆ ಹೋದ ಕೊರಿಯಾದ ತರುಣರು ಅಲ್ಲಿ ಕರಾಟೆ ಕಲಿತರು. ಅವರಲ್ಲೊಬ್ಬರಾದ ಲೀ ವೊನ್-ಕುಕ್, ಕರಾಟೆಯ ಪ್ರಸಿದ್ಧ ಗುರು ಫುನಾಕೋಶಿಯವರ ಶಿಷ್ಯರು. 1944ರಲ್ಲಿ ಸೋಲ್ ನಗರದಲ್ಲಿ ತಮ್ಮದೇ ಶಾಲೆ ತೆರೆದರು. ಸ್ವಾತಂತ್ರ್ಯಾನಂತರ ಇಂಥ ಹಲವು ಶಾಲೆಗಳು ಹುಟ್ಟಿದವು. ಬಿಳಿ ಉಡುಪು, ಸೊಂಟದ ಪಟ್ಟಿ, ಮೊದಮೊದಲು ಕಲಿಸಿದ ವರಸೆಗಳು, ಇವೆಲ್ಲ ಬಹುಮಟ್ಟಿಗೆ ಜಪಾನಿನಿಂದ ಬಂದವು.

ಆಳಿದವರಿಂದ ಕಲಿತ ವಿದ್ಯೆಯನ್ನು ಸ್ವತಂತ್ರ ದೇಶ ತನ್ನದೆಂದು ಹೇಳಿಕೊಳ್ಳುವುದು ಹೇಗೆ? ಈ ಕಲೆಯ ಇತಿಹಾಸದಲ್ಲಿ ನನ್ನ ಮನಸ್ಸನ್ನು ಬಹುವಾಗಿ ತಟ್ಟಿದ ಪ್ರಶ್ನೆ ಇದೇ. ಮೊದಲು ಹೆಸರು ಬದಲಾಯಿತು. ಸೇನಾಧಿಕಾರಿ ಚೊಯ್ ಹೊಂಗ್ ಹಿ ಮುಂತಾದವರ ಪ್ರಯತ್ನದಿಂದ 1955ರಲ್ಲಿ 'ಟೇಕ್ವಾಂಡೊ' ಎಂಬ ಹೆಸರು ಬಂತು. ಟೆಕ್ಯೋನ್ ಎಂಬ ಹಳೆಯ ಹೆಸರಿನ ಧ್ವನಿ ಅದರಲ್ಲಿತ್ತು. ಅನಂತರ ಕಲೆಯೇ ಬದಲಾಯಿತು. ಎತ್ತರಕ್ಕೆ ಒದೆಯುವುದು, ತಿರುಗಿ ಒದೆಯುವುದು, ನೆಗೆದು ಒದೆಯುವುದು ಪ್ರಧಾನವಾಗಿ, ಅದು ಕರಾಟೆಯಿಂದ ಬೇರೆಯೇ ಆಯಿತು.

ಚೊಯ್ ತಮ್ಮ ಪದ್ಧತಿಯ 24 ವರಸೆಗಳಲ್ಲಿ ಕೊರಿಯಾದ ಚರಿತ್ರೆಯನ್ನೇ ಅಡಗಿಸಿಟ್ಟರು. 'ಜುಂಗ್-ಗುನ್' ವರಸೆಗೆ 1910ರಲ್ಲಿ ಗಲ್ಲಿಗೇರಿದ ದೇಶಭಕ್ತ ಆನ್ ಜುಂಗ್-ಗುನ್ ಅವರ ಹೆಸರು. ಅದರಲ್ಲಿ 32 ಚಲನೆಗಳು. ಕೊರಿಯಾದ ಎಣಿಕೆಯಂತೆ ಸಾಯುವಾಗ ಅವರ ವಯಸ್ಸು ಅಷ್ಟೇ. 'ದೊ-ಸಾನ್' ಎಂಬುದು ನಾಡಿನ ಶಿಕ್ಷಣಕ್ಕಾಗಿ ದುಡಿದ ಆನ್ ಚಾಂಗ್-ಹೊ (1878–1938) ಅವರ ಸ್ಮರಣೆ. ಶಿಕ್ಷಕನೊಬ್ಬನ ಬದುಕನ್ನು ಮಕ್ಕಳು ಕೈಕಾಲುಗಳಲ್ಲಿ ಕಂಠಪಾಠ ಮಾಡುವುದೆಂದರೆ ನನ್ನಂಥವನಿಗೆ ಹೇಗೆ ಸಂತೋಷವಾಗದಿದ್ದೀತು!

ಒಡೆದ ದೇಶದ ನೋವು ಈ ಕಲೆಯನ್ನೂ ಬಿಡಲಿಲ್ಲ. 1966ರಲ್ಲಿ ಅಂತರರಾಷ್ಟ್ರೀಯ ಟೇಕ್ವಾಂಡೊ ಒಕ್ಕೂಟವನ್ನು ಸ್ಥಾಪಿಸಿದ ಚೊಯ್, 1972ರಲ್ಲಿ ದಕ್ಷಿಣ ಕೊರಿಯಾ ಬಿಟ್ಟು ಕೆನಡಾ ಸೇರಿದರು. 1980ರಲ್ಲಿ ತಮ್ಮ ಪದ್ಧತಿಯನ್ನು ಉತ್ತರ ಕೊರಿಯಾಕ್ಕೆ ಒಯ್ದರು. ಇತ್ತ ಸೋಲ್‌ನಲ್ಲಿ 1973ರಲ್ಲಿ ಬೇರೊಂದು ವಿಶ್ವಸಂಸ್ಥೆ ಹುಟ್ಟಿತು. ಅದರ ಪದ್ಧತಿಯೇ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿ, 2000ದ ಸಿಡ್ನಿಯಲ್ಲಿ ಪದಕದ ಕ್ರೀಡೆಯಾಯಿತು. ಆಫ್ಘಾನಿಸ್ತಾನಕ್ಕೆ ಅದರ ಮೊಟ್ಟಮೊದಲ ಒಲಿಂಪಿಕ್ ಪದಕ ಬಂದದ್ದು ಈ ಕ್ರೀಡೆಯಿಂದಲೇ: 2008ರಲ್ಲಿ ಬೀಜಿಂಗ್‌ನಲ್ಲಿ ರೊಹುಲ್ಲಾ ನಿಕ್ಪಾಯ್ ಗೆದ್ದ ಕಂಚು. 2018ರ ಚಳಿಗಾಲದ ಒಲಿಂಪಿಕ್ಸ್ ಸಂದರ್ಭದಲ್ಲಿ ಎರಡೂ ಪಂಗಡಗಳ ತಂಡಗಳು ಒಂದೇ ವೇದಿಕೆಯಲ್ಲಿ ಪ್ರದರ್ಶನ ನೀಡಿದವು.

ಇನ್ನು ಅಭ್ಯಾಸದ ಮಾತು. ಕಲಿಯುವವರು ಬಿಳಿ ಪಟ್ಟಿಯಿಂದ ಆರಂಭಿಸಿ ಹಳದಿ, ಹಸಿರು, ನೀಲಿ, ಕೆಂಪು ದಾಟಿ ಕಪ್ಪಿಗೆ ಬರುತ್ತಾರೆ. ಮೊದಲು ನಿಲ್ಲುವುದನ್ನು ಕಲಿಯಬೇಕು; ಆಮೇಲೆ ತಡೆಯುವುದು, ಹೊಡೆಯುವುದು, ವರಸೆ, ಜೊತೆಗಾರರೊಡನೆ ಕಾಳಗ. ತೊಡೆ, ಸೊಂಟಗಳಿಗೆ ಬಲ ಬರುತ್ತದೆ, ಮೈ ಬಾಗುತ್ತದೆ, ಒಂಟಿಕಾಲಿನ ಸಮತೋಲ ಕೂಡಿಬರುತ್ತದೆ, ಉಸಿರು ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಲಾಭವೆಂದರೆ, ಬೀಸಿದ ಕಾಲನ್ನು ಎದುರಾಳಿಗೆ ತಾಗುವ ಮುನ್ನ ತಡೆದು ನಿಲ್ಲಿಸುವ ಸಂಯಮ. ಒಂದು ಎಚ್ಚರಿಕೆ: ತಲೆಗೆ, ಎದೆಗೆ ರಕ್ಷಾಕವಚವಿಲ್ಲದೆ ಕಾಳಗಕ್ಕೆ ಬಿಡುವ, ಬೇಗ ಬೇಗ ಪಟ್ಟಿ ಕೊಟ್ಟು ಶುಲ್ಕ ಕೇಳುವ ತರಗತಿಗಳಿಂದ ದೂರವಿರಬೇಕು.

ಚೊಯ್ ತಮ್ಮ ಶಿಷ್ಯರಿಗೆ ಐದು ಗುಣಗಳನ್ನು ವಿಧಿಸಿದ್ದರು: ಸೌಜನ್ಯ, ಪ್ರಾಮಾಣಿಕತೆ, ಸತತ ಪ್ರಯತ್ನ, ಆತ್ಮಸಂಯಮ, ಸೋಲದ ಮನಸ್ಸು. ಎರಡನೆಯದು ಪ್ರಾಮಾಣಿಕತೆಯಾದ ಮೇಲೆ ಕಲೆಯ ವಯಸ್ಸನ್ನೂ ಪ್ರಾಮಾಣಿಕವಾಗಿಯೇ ಹೇಳಬೇಕಲ್ಲವೇ? ಈ ಹೆಸರಿನ, ಈ ರೂಪದ ಟೇಕ್ವಾಂಡೊಗೆ ಸುಮಾರು ಎಪ್ಪತ್ತು ವರ್ಷ. ಅದರಿಂದ ಅದರ ಗೌರವವೇನೂ ಕಡಿಮೆಯಾಗದು. ಎರವಲು ತಂದದ್ದನ್ನು ದುಡಿದು ಸ್ವಂತ ಮಾಡಿಕೊಂಡು ಜಗತ್ತಿಗೆ ಹಂಚಿದ ಜನಕ್ಕೆ ಸುಳ್ಳು ವಯಸ್ಸಿನ ಹಂಗೇಕೆ?

ಆದ್ದರಿಂದ ನನ್ನ ಶಿಷ್ಯನಿಗೆ ಹೇಳುವುದಿಷ್ಟು: ಮಗಳನ್ನು ಧಾರಾಳವಾಗಿ ಸೇರಿಸಪ್ಪ. ಕರಪತ್ರವನ್ನು ಮಾತ್ರ, ನಿನಗೆ ತರಗತಿಯಲ್ಲಿ ಕಲಿಸಿದಂತೆ, ಆಧಾರ ಕೇಳಿಯೇ ಓದು.